ವಾಟೆ ಕೊಳವೆಯಿಂದ ಒಂಟಿ ಜೇನಿನ ಬದಲು ನೂರಾರು ಪುಡಿ ಕಣಜ: ಯಾವುದು, ಏನು ಮಾಡಬೇಕು?

ಗೋಣಿಬೀಡು ತೋಟ:

ಜಾಗ ಮೂಡಿಗೆರೆ ತಾಲ್ಲೂಕು, ರೋಬಸ್ಟಾ ತೋಟದ ಮನೆ. ಜಗಲಿಯ ಮಾಡಿನಡಿ ಒಂಟಿ ಜೇನುಗಳಿಗೆಂದು ವಾಟೆ (ತೆಳು ಗೋಡೆಯ ಸಣ್ಣ ಬಿದಿರು) ತುಂಡುಗಳ ಕಟ್ಟು ತೂಗುಹಾಕಿದೆ. ಒಂದೇ ಕಟ್ಟಿನಲ್ಲಿ 60 ತುಂಡು, ಒಳಗಿನ ತೂತು 5ರಿಂದ 9 ಮಿ.ಮೀ., ಉದ್ದ ಸುಮಾರು 15 ಸೆಂ.ಮೀ., ಹಿಂದುಗಡೆ ಗಂಟು. ಅರ್ಧದಷ್ಟು ತುಂಡುಗಳ ಬಾಯಿ ಮುಚ್ಚಿದೆ. ಹೆಚ್ಚಿನವು ಮಣ್ಣಿನಿಂದ, ಕೆಲವು ಎಲೆ ಚೂರುಗಳಿಂದ, ಎರಡು ಅಂಟು ರಾಳದಿಂದ.

ಮಳೆ ಬಿಟ್ಟಮೇಲೆ ನೋಡಿದರೆ ಮಣ್ಣಿನ ಮುಚ್ಚಳದ ಮೂರು ತುಂಡುಗಳಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು. ಒಂದನ್ನು ಸೀಳಿದಾಗ ಒಳಗೆ ಜೇನೂ ಇಲ್ಲ, ಮರಿಯೂ ಇಲ್ಲ, ಒಣಗಿದ ಸಿಪ್ಪೆ ಮಾತ್ರ. ಅದರ ಸುತ್ತ ಒಂದೂವರೆ ಮಿ.ಮೀ. ಗಾತ್ರದ ಕಪ್ಪು ಹುಳಗಳು ನೂರಾರು. ರೆಕ್ಕೆ ಇದ್ದರೂ ಹಾರುವುದು ಕಡಿಮೆ, ಓಡುತ್ತವೆ, ಜಿಗಿಯುತ್ತವೆ, ಕಿಟಕಿಯ ಬೆಳಕಿನ ಕಡೆಗೇ ಹೋಗುತ್ತವೆ. ತುಂಡನ್ನು ಗಾಜಿನ ಬಾಟಲಿಗೆ ಹಾಕಿ ಹತ್ತಿ ತುರುಕಿಟ್ಟಿದ್ದೇನೆ.

ಗೊತ್ತಾಗಬೇಕಾದ್ದು: ಇದು ಯಾವ ಕಣಜ? ಕಾಫಿಯ ಕಾಯಿಕೊರಕ ಹುಳದ ಹತೋಟಿಗೆಂದು ತೋಟಗಳಲ್ಲಿ ಬಿಡುವ ಕಣಜ ಇದೇನಾ? ಹತ್ತಿರದಲ್ಲೇ ಇರುವ ನಾಲ್ಕು ತುಡುವೆ ಜೇನಿನ ಪೆಟ್ಟಿಗೆಗಳಿಗೆ ತೊಂದರೆಯಾ? ಉಳಿದ ತುಂಡುಗಳನ್ನು ಉಳಿಸಿಕೊಳ್ಳಲು ಆಗುತ್ತದಾ?


ಕುಡಿಮೀಸೆ:

ಮುಂದೆ ಓದುವ ಮೊದಲು ಒಂದು ಕೆಲಸ. ಬಾಟಲಿಯ ಹತ್ತಿ ಸಾಲದು, ಎಳೆಗಳ ನಡುವೆ ನುಸುಳಿ ಹೊರಬರುತ್ತವೆ. ಬಾಟಲಿ ಸಮೇತ ಜಿಪ್ ಪೌಚಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿ, ಅಥವಾ ತಿರುಪು ಮುಚ್ಚಳದ ಡಬ್ಬಿಗೆ ಬದಲಿಸಿ. ಸೊಳ್ಳೆ ಪರದೆಯ ಬಟ್ಟೆಯಂತೂ ಇವಕ್ಕೆ ತೆರೆದ ಬಾಗಿಲು. ತೂತಿರುವ ಇನ್ನೆರಡು ತುಂಡುಗಳನ್ನೂ ಕಟ್ಟಿನಿಂದ ಈಗಲೇ ತೆಗೆದು ಬೇರೆ ಬೇರೆ ಪೌಚಿಗೆ ಹಾಕಿ.

ನೀವು ಬರೆದ ಲಕ್ಷಣಗಳೆಲ್ಲ ಮೆಲಿಟೋಬಿಯಾ ಕಡೆಗೆ ಕೈತೋರಿಸುತ್ತವೆ. ಬೇರೆ ಹುಳಗಳ ಮರಿ ತಿಂದು ಬೆಳೆಯುವ ಪುಟ್ಟ ಕಣಜ, ಕ್ಯಾಲ್ಸಿಡ್ ಗುಂಪಿನ ಯುಲೋಫಿಡೇ ಕುಟುಂಬದ್ದು. ಆದರೆ "ಕಪ್ಪು, ಒಂದೂವರೆ ಮಿ.ಮೀ." ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ, ಆ ಅಳತೆಯ ಕಪ್ಪು ಕಣಜಗಳು ಮಲೆನಾಡಿನ ಒಂದು ಕಾಫಿ ಗಿಡದ ಸುತ್ತಲೇ ಬೇಕಾದಷ್ಟಿವೆ. ಗುರುತು ಹಿಡಿಯುವುದು ಮೂರು ಸಂಗತಿ ಸೇರಿಸಿ: ಕೊಳವೆಯೊಳಗಿನ ಒಂದು ಕೋಣೆಯಿಂದ ಎಷ್ಟು ಬಂದವು, ಯಾರನ್ನು ತಿಂದು ಬಂದವು, ಗಂಡು ಹೇಗಿದೆ.

ಗಂಡಿನಿಂದ ಶುರುಮಾಡಿ. ನೀವು ಸೀಳಿದ ತುಂಡಿನೊಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ಬಿಳಿ ಕಾಗದದ ಮೇಲೆ ಕೊಡವಿ, ಕಪ್ಪು ರಾಶಿಯ ನಡುವೆ ಜೇನುತುಪ್ಪದ ಬಣ್ಣದ ಹುಳ ಹುಡುಕಿ. ನೂರಕ್ಕೆ ಐದು ಸಿಗುವುದೂ ಕಷ್ಟ. ರೆಕ್ಕೆ ಮೊಂಡು, ಕಣ್ಣು ಹೆಸರಿಗೆ ಮಾತ್ರ, ಕುಡಿಮೀಸೆಯ ಬುಡದ ಉದ್ದ ತುಂಡು ಅಗಲವಾಗಿ ಉಬ್ಬಿರುತ್ತದೆ. ಕಾಲು ಕಳೆದುಕೊಂಡ, ತಲೆ ಹರಿದ ಗಂಡುಗಳೂ ಸಿಕ್ಕಾವು. ಒಂದೇ ಕೋಣೆಯ ಗಂಡುಗಳು ಕಚ್ಚಾಡಿ ಸಾಯುತ್ತವೆ. ಈ ಕುರುಡು ಕಂದು ಗಂಡು ಸಿಕ್ಕಿತೆಂದರೆ ಕುಲದ ಬಗ್ಗೆ ಅನುಮಾನ ಉಳಿಯುವುದಿಲ್ಲ. 10 ಪಟ್ಟು ದೊಡ್ಡದು ಮಾಡುವ ಆಭರಣ ಅಂಗಡಿಯ ಲೂಪ್ ಇದಕ್ಕೆ ಸಾಕು.

ಹೆಣ್ಣಿಗೆ ಇನ್ನೂ ಹೆಚ್ಚು ವರ್ಧನೆ ಬೇಕು. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ, ಮಿ.ಮೀ. ಗೆರೆಯ ಗ್ರಾಫ್ ಕಾಗದದ ಮೇಲೆ ಇಟ್ಟು ಪಕ್ಕದಿಂದ, ಮೇಲಿನಿಂದ, ಮುಖದ ಎದುರಿನಿಂದ ಫೋಟೋ ತೆಗೆಯಿರಿ. ಓಡುತ್ತಿದ್ದರೆ ಹತ್ತು ನಿಮಿಷ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ, ಮಂಕಾಗುತ್ತವೆ. ನೋಡಬೇಕಾದ್ದು ಪಾದದ ಗೆಣ್ಣುಗಳ ಸಂಖ್ಯೆ. ಯುಲೋಫಿಡೇಯಲ್ಲಿ ನಾಲ್ಕು, ಜೇನುಗೂಡಿಗೆ ಬರುವ ಇತರ ಕ್ಯಾಲ್ಸಿಡ್‌ಗಳಲ್ಲಿ ಐದು. ಮುಂದಿನ ರೆಕ್ಕೆಯಲ್ಲಿ ಅಂಚಿಗೆ ಹೊಂದಿಕೊಂಡ ಒಂದೇ ನರ, ಉಳಿದದ್ದೆಲ್ಲ ಖಾಲಿ ಪೊರೆ. ಕೆಲವು ಹೆಣ್ಣುಗಳ ರೆಕ್ಕೆ ಮೈಗಿಂತ ತೀರ ಗಿಡ್ಡವಾಗಿದ್ದರೆ ಬೇರೆ ಜಾತಿ ಎಂದುಕೊಳ್ಳಬೇಡಿ. ಮೊದಲು ಇಟ್ಟ ಕೆಲವೇ ಮೊಟ್ಟೆಗಳಿಂದ ಗಿಡ್ಡ ರೆಕ್ಕೆಯವು ಬೇಗ ಬೆಳೆದು ಅದೇ ಗೂಡಿನಲ್ಲೇ ಮತ್ತೆ ಮೊಟ್ಟೆಯಿಡುತ್ತವೆ. ಆಮೇಲಿನವು ಉದ್ದ ರೆಕ್ಕೆಯವು, ಅವು ಊರು ಬಿಡುವವು.

ಕಾಯಿಕೊರಕದ ಕಣಜದ ಪ್ರಶ್ನೆ ಒಳ್ಳೆಯದು, ಏಕೆಂದರೆ ಇಲ್ಲೇ ಹೆಚ್ಚು ಗಲಿಬಿಲಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲಕ ಬಂದದ್ದು ಮುಖ್ಯವಾಗಿ ಸೆಫಲೋನೋಮಿಯಾ ಸ್ಟೆಫನೋಡೆರಿಸ್. ಅದೂ ಕಪ್ಪು, ಎರಡು ಮಿ.ಮೀ. ಒಳಗೇ. ಆದರೆ ಬೆಥಿಲಿಡೇ ಕುಟುಂಬ: ಚಪ್ಪಟೆ ಮೈ, ಉದ್ದನೆಯ ತಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ನೋಡಿದರೆ ಇರುವೆ ಅನ್ನಿಸುತ್ತದೆ. ಪಾದದಲ್ಲಿ ಐದು ಗೆಣ್ಣು. ಅದಕ್ಕೆ ಕೊರಕದ ಮೊಟ್ಟೆ, ಮರಿ, ಕೋಶ (ಪ್ಯೂಪಾ) ಬೇಕು, ಜೇನಿನ ಕೊಳವೆಯಲ್ಲಿ ಕೆಲಸವಿಲ್ಲ. ಇನ್ನೊಂದು ಫೈಮಾಸ್ಟಿಕಸ್ ಕಾಫಿಯಾ, ಬೆಳೆದ ಕೊರಕದೊಳಗೇ ಬೆಳೆಯುವುದು. ಇದು ಯುಲೋಫಿಡೇಯೇ, ನಾಲ್ಕು ಗೆಣ್ಣೇ. ಹಾಗಾಗಿ ಗೆಣ್ಣು ಎಣಿಸಿ ನಾಲ್ಕು ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಎಲ್ಲಿಂದ ಹೊರಬಂತು ಎನ್ನುವುದು ಗೆಣ್ಣಿಗಿಂತ ಗಟ್ಟಿ ಸಾಕ್ಷಿ.

ತುಡುವೆಗೆ ಭಯವಿಲ್ಲ. ಪ್ರಯೋಗಾಲಯದಲ್ಲಿ ಜೇನಿನ ಕೋಶ ಕೊಟ್ಟರೆ ಮೆಲಿಟೋಬಿಯಾ ಅದರ ಮೇಲೆ ಬೆಳೆಯುತ್ತದೆ, ಆದರೆ ಕಾವಲಿರುವ ಗಟ್ಟಿ ಕುಟುಂಬದ ಪೆಟ್ಟಿಗೆಯಲ್ಲಿ ಅದಕ್ಕೆ ದಾರಿ ಸಿಗುವುದಿಲ್ಲ. ಪೆಟ್ಟಿಗೆಯಲ್ಲಿ ಮರಿಗಳು ಚೀಲದಂತೆ ಊದಿ ಸಾಯುತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ವೈರಸ್, ಈ ಕಣಜದ ತಲೆಗೆ ಕಟ್ಟಬೇಡಿ.


ಹೇಮಾವತಿ ದಂಡೆ:

ಕುಡಿಮೀಸೆಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಉಳಿದ ತುಂಡುಗಳಲ್ಲಿ ಬೇರೆ ಪರಾವಲಂಬಿಗಳೂ ಇರಬಹುದು, ಒಂದೇ ಕಟ್ಟಿನಲ್ಲಿ ನಾಲ್ಕೈದು ಬಗೆ ಸಿಗುವುದು ಸಾಮಾನ್ಯ. ಮುಚ್ಚಳದ ತೂತನ್ನು ಓದಲು ಕಲಿತರೆ ಸೀಳದೆಯೇ ಅಂದಾಜು ಸಿಗುತ್ತದೆ.

ಮುಚ್ಚಳ ಪೂರ್ತಿ ಕಿತ್ತುಹೋಗಿದ್ದರೆ ಒಡೆಯನೇ ಬೆಳೆದು ಹೊರಬಂದಿದ್ದಾನೆ, ಚಿಂತೆಯಿಲ್ಲ. ಸೂಜಿಮೊನೆಯಷ್ಟು ಒಂದೆರಡು ತೂತಿದ್ದರೆ ಮೆಲಿಟೋಬಿಯಾ. ಹೆಣ್ಣುಗಳು ಒಂದೇ ಜಾಗದಲ್ಲಿ ಸಾಲುಗಟ್ಟಿ ಮಣ್ಣನ್ನು ಕೆರೆದು ತೂತು ಮಾಡುತ್ತವೆ. ಸುಮಾರು ಒಂದೂವರೆ-ಎರಡು ಮಿ.ಮೀ. ದುಂಡು ತೂತು ಮರಿ ನೇಯ್ದ ರೇಷ್ಮೆ ಗೂಡಿನಲ್ಲೇ ಕಂಡರೆ ಟೊರಿಮಿಡೇ ಕುಟುಂಬದ ಮೊನೊಡಾಂಟೊಮೆರಸ್ ನೆನಪಿಗೆ ಬರಬೇಕು. ಕೊಳವೆಯ ಅರ್ಧ ಅಗಲದ ಒಂದೇ ತೂತಾದರೆ ಕೋಗಿಲೆ ಕಣಜ, ಲ್ಯೂಕೋಸ್ಪಿಸ್ ಅಥವಾ ಗ್ಯಾಸ್ಟರಪ್ಶನ್. ಮುಚ್ಚಳದಲ್ಲಿ ಕಂದು ಸಿಪ್ಪೆಯೊಂದು ಅರ್ಧ ಹೊರಗೆ ಚಾಚಿ ನಿಂತಿದ್ದರೆ ಅದು ಕಣಜವೇ ಅಲ್ಲ, ಆಂತ್ರ್ಯಾಕ್ಸ್ ನೊಣದ ಕೋಶ. ತಲೆಯ ಮೇಲಿನ ಮುಳ್ಳುಗಳಿಂದ ಕೊರೆದುಕೊಂಡು ಬಂದು, ಸಿಪ್ಪೆಯನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತದೆ.

ಈಗ ಒಬ್ಬೊಬ್ಬರ ಚಹರೆ. ಮೊನೊಡಾಂಟೊಮೆರಸ್ ಮೂರು-ನಾಲ್ಕು ಮಿ.ಮೀ., ಹಸಿರು-ನೀಲಿ ಲೋಹದ ಹೊಳಪು, ಕೆಂಪು ಕಣ್ಣು, ಹೆಣ್ಣಿಗೆ ಹಿಂದೆ ಚಾಚಿದ, ಮೊಟ್ಟೆಯಿಡುವ ಸೂಜಿ, ಹಿಂಗಾಲಿನ ತೊಡೆಯ ತುದಿಯ ಬಳಿ ಒಂದೇ ಹಲ್ಲು. ಮೆಗಾಕೈಲಿಯಂಥ ಜೇನುಗಳ ಒಂದು ರೇಷ್ಮೆ ಗೂಡಿನಿಂದ ಸಾಮಾನ್ಯವಾಗಿ ಹತ್ತರ ಆಸುಪಾಸು ಬರುತ್ತವೆ, ನೂರಾರು ಅಲ್ಲ. ಮರಿಗಳ ಮೈಮೇಲೆ ಕೂದಲಿರುತ್ತದೆ, ಮೆಲಿಟೋಬಿಯಾ ಮರಿ ಬೋಳು. ಸೀಳಿದ ಕೊಳವೆಯಲ್ಲಿ ಹುಳಗಳು ಇನ್ನೂ ಮರಿಯೇ ಆಗಿದ್ದಾಗ ಈ ಒಂದು ಗುರುತು ತುಂಬ ಕೆಲಸಕ್ಕೆ ಬರುತ್ತದೆ. ಮೆಲಿಟೋಬಿಯಾ ಮರಿ ಕೋಶವಾದಾಗ ಸುತ್ತ ರೇಷ್ಮೆ ನೇಯುವುದಿಲ್ಲ. ಕೋಣೆಯ ತುಂಬ ರವೆ ಚೆಲ್ಲಿದಂತೆ ಬರಿಮೈಯ ಬಿಳಿ ಕೋಶಗಳು ಬಿದ್ದಿರುತ್ತವೆ, ದಿನ ಕಳೆದಂತೆ ಕಪ್ಪಾಗುತ್ತವೆ. ನಮ್ಮ ಮಳೆಯಲ್ಲಿ ಬೂಷ್ಟು ಹಿಡಿದ ಕೋಣೆಯೂ ದೂರಕ್ಕೆ ಹಾಗೇ ಕಾಣುವುದರಿಂದ ಲೂಪ್ ಹಿಡಿದೇ ನೋಡಿ: ಬೂಷ್ಟಿಗೆ ಎಳೆ ಇರುತ್ತದೆ, ಕೋಶಕ್ಕೆ ಮಡಿಸಿದ ಕಾಲಿನ ಗೆರೆ ಇರುತ್ತದೆ.

ಲ್ಯೂಕೋಸ್ಪಿಸ್ ದೊಡ್ಡದು, ಒಂದು ಸೆಂ.ಮೀ. ಆಸುಪಾಸು. ಕಪ್ಪು ಮೈಗೆ ಹಳದಿ ಪಟ್ಟೆ, ಕೂತಾಗ ರೆಕ್ಕೆ ಉದ್ದಕ್ಕೆ ಮಡಿಸಿಕೊಳ್ಳುವುದರಿಂದ ಗೂಡು ಕಟ್ಟುವ ಸಾಮಾನ್ಯ ಕಣಜವೆಂದೇ ಮೋಸಹೋಗುತ್ತೇವೆ. ಹಿಂಗಾಲಿನ ತೊಡೆ ಉಬ್ಬಿ ಹಲ್ಲುಗಳಿರುತ್ತವೆ, ಹೆಣ್ಣಿನ ಸೂಜಿ ಬೆನ್ನಿನ ಮೇಲೆ ಮಗುಚಿಕೊಂಡಿರುತ್ತದೆ. ಉಬ್ಬಿದ ತೊಡೆ ಮಾತ್ರ ಕಂಡು ಬೆನ್ನ ಮೇಲೆ ಸೂಜಿ ಕಾಣದಿದ್ದರೆ, ಪತಂಗ-ನೊಣಗಳ ಕೋಶಕ್ಕೆ ಹೋಗುವ ಬ್ರಾಕಿಮೇರಿಯಾ ಇರಬಹುದು.

ಗ್ಯಾಸ್ಟರಪ್ಶನ್ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕಡ್ಡಿ ಮೈ, ಉದ್ದ ಕುತ್ತಿಗೆ, ಹೊಟ್ಟೆ ಬೆನ್ನಿನ ಮೇಲ್ಭಾಗದಿಂದ ಹೊರಟಿದೆ, ಹಿಂಗಾಲ ಮೊಣಕಾಲಿನ ಕೆಳಗೆ ಉಬ್ಬು. ಕೊಳವೆಗಳ ಮುಂದೆ ನಿಧಾನಕ್ಕೆ ತೂಗಾಡುತ್ತ ನಿಲ್ಲುತ್ತದೆ. ಅದರ ಮರಿ ಜೇನಿನ ಮೊಟ್ಟೆ ತಿಂದು, ಆಮೇಲೆ ಅಲ್ಲಿನ ಪರಾಗದ ಮುದ್ದೆಯನ್ನೂ ತಿನ್ನುತ್ತದೆ.

ಕೋಗಿಲೆ ಕಣಜ, ಅಂದರೆ ಕ್ರೈಸಿಡಿಡ್‌ಗಳದು ಹಸಿರು-ನೀಲಿ ಮಿಂಚು, ಮೈಯೆಲ್ಲ ಚುಕ್ಕಿ ಕೊರೆದಂತೆ ಒರಟು. ಹೊಟ್ಟೆಯ ಕೆಳಭಾಗ ಒಳಕ್ಕೆ ತಗ್ಗಾಗಿರುವುದರಿಂದ ಮುಟ್ಟಿದರೆ ಉಂಡೆಯಾಗುತ್ತದೆ. ನಮ್ಮ ಕಡೆ ದೊಡ್ಡದು ಸ್ಟಿಲ್ಬಮ್ ಸಯನ್ಯೂರಮ್, ಗೋಡೆಯ ಮೇಲಿನ ಮಣ್ಣಿನ ಗೂಡುಗಳಿಗೆ ಬರುವುದು. ನೀಲಿ ಹೊಳಪಿದೆಯೆಂದು ಕ್ಯಾಲಿಬಿಯಾನ್ ಕಣಜವನ್ನು ಇದರ ಲೆಕ್ಕಕ್ಕೆ ಹಾಕಬೇಡಿ. ಅದಕ್ಕೆ ಉದ್ದನೆಯ ತೆಳ್ಳ ಸೊಂಟವಿದೆ, ಅದು ಜೇಡ ಹಿಡಿದು ಕೊಳವೆ ತುಂಬುವ ನಿಮ್ಮ ಬಾಡಿಗೆದಾರ.

ಇನ್ನೊಂದು ಮಾತು. ಮಣ್ಣಿನ ಮುಚ್ಚಳವೆಂದರೆ ಜೇನು ಎಂದೇ ಅರ್ಥವಲ್ಲ. ಕೋಣೆಗಳಲ್ಲಿ ಜೇಡಗಳ ಕಾಲು ಉಳಿದಿದ್ದರೆ ಟ್ರೈಪಾಕ್ಸಿಲಾನ್, ಕಂಬಳಿಹುಳದ ತಲೆ ಸಿಪ್ಪೆ ಇದ್ದರೆ ರಿಂಕಿಯಮ್ ಥರದ ಬೇಟೆ ಕಣಜ, ಹಳದಿ ಪುಡಿ ಇದ್ದರೆ ಮಾತ್ರ ಜೇನು, ಬಹುಶಃ ಮಣ್ಣು ಬಳಸುವ ಮೆಗಾಕೈಲಿ. ಸೀಳಿದ ತುಂಡಿನಲ್ಲಿ ಏನಿತ್ತು?


ಗೋಣಿಬೀಡು ತೋಟ:

ಜೇಡದ ಕಾಲುಗಳಿವೆ. ಕಂದು, ಉದ್ದನೆಯ ಒಣ ಗೂಡೂ ಇದೆ. ಹಾಗಾದರೆ ಟ್ರೈಪಾಕ್ಸಿಲಾನ್. ಬಿಳಿ ಕಾಗದದ ಮೇಲೆ ಕಂದು ಬಣ್ಣದ ಗಿಡ್ಡ ರೆಕ್ಕೆಯವು ನಾಲ್ಕು ಸಿಕ್ಕವು, ಎರಡಕ್ಕೆ ಕಾಲಿಲ್ಲ. ಹೆಣ್ಣಿನ ಪಾದದಲ್ಲಿ ಗೆಣ್ಣು ನಾಲ್ಕು. ಎಲೆ ಮುಚ್ಚಳದ ಒಂದು ತುಂಡಿನ ಪಕ್ಕದಲ್ಲಿ ಹಸಿರು ಹೊಳಪಿನ, ಬಾಲವಿರುವ ಸಣ್ಣ ಕಣಜವೊಂದು ಕೂತು ವಾಟೆಯ ಗೋಡೆಗೇ ಸೂಜಿ ಚುಚ್ಚುತ್ತಿತ್ತು.

ಎಲೆ ಮುಚ್ಚಳದವು ಜೇನೇ ಅಲ್ಲವಾ? ರೋಬಸ್ಟಾ ಹೂವಿಗೆ ಅವು ಬೇಕು. ಅವನ್ನು ಉಳಿಸುವುದು ಹೇಗೆ?


ಮಂಜರಾಬಾದ್:

ಎಲೆ ಮುಚ್ಚಳದವು ಎಲೆ ಕತ್ತರಿಸುವ ಮೆಗಾಕೈಲಿಗಳು. ಹಸಿರು ಕಣಜ ಮೊನೊಡಾಂಟೊಮೆರಸ್ ಅಥವಾ ಅದರ ಹತ್ತಿರದ ಟೊರಿಮಿಡ್. ಗೋಡೆಗೆ ಚುಚ್ಚುತ್ತಿದೆ ಎಂದಿರಲ್ಲ, ಮುಖ್ಯ ಸಮಸ್ಯೆ ಅಲ್ಲೇ ಇದೆ. ವಾಟೆಯ ಗೋಡೆ ತೆಳು.

ಪರಾವಲಂಬಿ ಯಾವುದೆಂದು ತಿಳಿಯದೆ ರಕ್ಷಣೆ ಮಾಡಲಾಗುವುದಿಲ್ಲ, ಒಂದೊಂದರ ದಾರಿ ಬೇರೆ. ಟೊರಿಮಿಡ್, ಲ್ಯೂಕೋಸ್ಪಿಸ್ ಗೋಡೆ ತೂರಿ ಮೊಟ್ಟೆಯಿಡುತ್ತವೆ, ಇದಕ್ಕೆ ಗೋಡೆ ದಪ್ಪವಿರಬೇಕು. ಕೋಗಿಲೆ ಕಣಜ ಮಾಲೀಕ ಹೊರಗೆ ಹೋದ ಸಮಯಕ್ಕೆ ಒಳನುಗ್ಗುತ್ತದೆ, ಅದಕ್ಕೆ ನಾವು ಮಾಡುವಂಥದ್ದು ಏನೂ ಇಲ್ಲ. ಮೆಲಿಟೋಬಿಯಾ ನಡೆದು ಬರುತ್ತದೆ. ಬಿರುಕಿನಲ್ಲಿ ನುಸುಳುತ್ತದೆ, ಇಲ್ಲದಿದ್ದರೆ ಮಣ್ಣಿನ ಮುಚ್ಚಳವನ್ನೇ ಕೆರೆದು ಒಳಹೋಗುತ್ತದೆ. ಅದಕ್ಕೆ ಮದ್ದು ಅಂತರ ಮತ್ತು ತಪಾಸಣೆ ಮಾತ್ರ.

ಮೆಲಿಟೋಬಿಯಾ ಇರುವ ಮೂರೂ ತುಂಡುಗಳನ್ನು ಪೌಚು ಸಮೇತ ಫ್ರೀಜರ್‌ನಲ್ಲಿ ಇಡಿ. ಮೈನಸ್ 18 ಡಿಗ್ರಿ ಬಿಡದೆ ಸಿಕ್ಕರೆ 48 ಗಂಟೆ ಸಾಕು. ಕರೆಂಟ್ ಹೋಗಿ ಬಂದು ಮಾಡುವ ಕಡೆ ನಾಲ್ಕು ದಿನ ಇಟ್ಟರೆ ಒಳ್ಳೆಯದು. ತೆಗೆದ ಮೇಲೆ ಮನೆಯ ಬಿಸಿಗೆ ಬರುವವರೆಗೆ ಪೌಚು ಬಿಚ್ಚಬೇಡಿ, ಬಿಚ್ಚಿದರೆ ಮಾದರಿಗಳ ಮೇಲೆಲ್ಲ ನೀರು ಕಟ್ಟುತ್ತದೆ. ಮಾದರಿ ಎತ್ತಿಕೊಂಡು ವಾಟೆಯನ್ನು ಒಲೆಗೆ ಹಾಕಿ, ಮರುಬಳಕೆ ಬೇಡ. ಕಸದ ಗುಂಡಿಗೂ ಬೇಡ. ಗಂಡಿನ ಜತೆ ಕೂಡದೆಯೇ ತಪ್ಪಿಸಿಕೊಂಡ ಒಂದೇ ಹೆಣ್ಣೂ ಹೊಸ ವಂಶ ಕಟ್ಟಬಲ್ಲದು: ಮೊದಲು ಕೆಲವು ಗಂಡು ಮೊಟ್ಟೆ ಇಟ್ಟು, ಬೆಳೆದ ಮಗನನ್ನೇ ಕೂಡಿ, ಆಮೇಲೆ ಹೆಣ್ಣು ಮೊಟ್ಟೆಗಳ ಸಾಲು ಹಚ್ಚುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಹುಳಕ್ಕೆ ಎರಡೂವರೆ-ಮೂರು ವಾರ ಸಾಕು.

ಉಳಿದ ಮುಚ್ಚಿದ ತುಂಡುಗಳನ್ನು ಇನ್ನು ಕಟ್ಟಿನಲ್ಲಿ ಇಡಬೇಡಿ. ಒಂದೊಂದನ್ನೂ ಬೇರೆ ಪೌಚಿಗೆ ಹಾಕಿ, ಮೇಲೆ ತಾರೀಖು ಬರೆಯಿರಿ. ಒಳಗೆ ಪತ್ರಿಕೆ ಕಾಗದದ ತುಂಡು ಹಾಕಿದರೆ ತೇವ ಹೀರುತ್ತದೆ, ಇಲ್ಲದಿದ್ದರೆ ಬೂಷ್ಟು. ನೆರಳಿನಲ್ಲಿ ಇಟ್ಟು ದಿನಕ್ಕೊಮ್ಮೆ ಹೊರಗಿನಿಂದ ನೋಡಿ. ಜೇನು ಅಥವಾ ಬೇಟೆ ಕಣಜ ಹೊರಬಂದಿದ್ದರೆ ಬೆಳಿಗ್ಗೆ ಬಿಸಿಲಿಗೆ ಹೋಗಿ ಬಿಟ್ಟುಬಿಡಿ. ಪೌಚಿನ ಒಳಗೋಡೆಯ ಮೇಲೆ ಕಪ್ಪು ಚುಕ್ಕಿಗಳು ಓಡಾಡುತ್ತಿದ್ದರೆ ಅದು ನೇರ ಫ್ರೀಜರ್‌ಗೆ. ಹೀಗೆ ಬೇರೆಮಾಡಿದರೆ ಒಂದು ತುಂಡಿನ ರೋಗ ಇನ್ನೊಂದಕ್ಕೆ ದಾಟುವುದಿಲ್ಲ. ಒಂದೇ ಡಬ್ಬಿಯಲ್ಲಿ ಎಲ್ಲವನ್ನೂ ಇಟ್ಟರೆ ನೀವೇ ಮೆಲಿಟೋಬಿಯಾ ಸಾಕಿದಂತೆ.

ವಿದೇಶಿ ವಿಡಿಯೋಗಳಲ್ಲಿ ಚಳಿಗಾಲಕ್ಕೆ ಮುಂಚೆ ಗೂಡುಗಳನ್ನು ಬಿಡಿಸಿ, ತೊಳೆದು, ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಇಡುವುದನ್ನು ತೋರಿಸುತ್ತಾರೆ. ಅದು ವರ್ಷಕ್ಕೆ ಒಂದೇ ಪೀಳಿಗೆಯ, ಚಳಿ ನಿದ್ರೆ ಮಾಡುವ ಆಸ್ಮಿಯಾ ಜೇನಿಗೆ ಸರಿ. ನಮ್ಮ ಕಡೆಯ ಬಹುಪಾಲು ಮೆಗಾಕೈಲಿ, ಟ್ರೈಪಾಕ್ಸಿಲಾನ್‌ಗಳು ವರ್ಷದಲ್ಲಿ ಹಲವು ಪೀಳಿಗೆ ತೆಗೆಯುತ್ತವೆ. ಫ್ರಿಜ್‌ಗೆ ಹಾಕಿದರೆ ಜೇನೂ ಹೋಗುತ್ತದೆ.

ಹುಳಗಳು ಕೋಣೆಗೆ ತಪ್ಪಿಸಿಕೊಂಡಿದ್ದರೆ ರಾತ್ರಿ ಎಲ್ಲ ದೀಪ ಆರಿಸಿ, ಒಂದೇ ಬಲ್ಬಿನ ಕೆಳಗೆ ಅಗಲ ತಟ್ಟೆಯಲ್ಲಿ ನೀರಿಟ್ಟು ಪಾತ್ರೆ ತೊಳೆಯುವ ಸೋಪಿನ ಎರಡು-ಮೂರು ಹನಿ ಹಾಕಿ. ಬೆಳಕಿಗೆ ಬಂದವು ನೀರಿಗೆ ಬೀಳುತ್ತವೆ, ಸೋಪಿನಿಂದಾಗಿ ತೇಲಲಾರವು. ಎಲೆ ಕತ್ತರಿಸುವ ಜೇನನ್ನು ದೊಡ್ಡ ಪ್ರಮಾಣದಲ್ಲಿ ಸಾಕುವ ಕೆನಡಾ, ಅಮೆರಿಕದ ಕಾವುಕೋಣೆಗಳಲ್ಲೂ ಇದೇ ಉಪಾಯ. ಡೈಕ್ಲೋರ್ವಾಸ್ ಎಂಬ ಕೀಟನಾಶಕದ ಪಟ್ಟಿ ಇಡುವ ಸಲಹೆ ಎಲ್ಲಾದರೂ ಓದಿದ್ದರೆ ಮರೆತುಬಿಡಿ, ನಮ್ಮ ದೇಶದಲ್ಲಿ 2020ರ ಕೊನೆಗೆ ಅದು ನಿಷೇಧವಾಗಿದೆ, ಜೇನನ್ನೂ ಉಳಿಸುವುದಿಲ್ಲ.

ಮುಂದಿನ ಕಟ್ಟು ಹೀಗಿರಲಿ. 60ರ ಒಂದು ಕಟ್ಟಿನ ಬದಲು 10-12ರ ಐದು ಕಟ್ಟು, ಒಂದಕ್ಕೊಂದು ದೂರ, ಬೇರೆ ಬೇರೆ ಗೋಡೆಗೆ. ಸಾಧ್ಯವಾದಷ್ಟು ದಪ್ಪ ಗೋಡೆಯ ಬಿದಿರು ಕಡ್ಡಿ ಆರಿಸಿ. ವಾಟೆಯೇ ಬೇಕೆಂದರೆ 20 ಸೆಂ.ಮೀ. ಉದ್ದದ ಪಿವಿಸಿ ಪೈಪಿನೊಳಗೆ ಬಿಗಿಯಾಗಿ ತುಂಬಿ, ನಡುವಿನ ಸಂದುಗಳಿಗೆ ಜೇಡಿಮಣ್ಣು ಮೆತ್ತಿ. ಆಗ ಪಕ್ಕದ ಗೋಡೆ ಹೊರಗೆ ಸಿಗುವುದಿಲ್ಲ, ಸೂಜಿಗೆ ಜಾಗವಿರುವುದಿಲ್ಲ. ಪೈಪಿನ ಹಿಂಬದಿಯನ್ನು ಮುಚ್ಚಳ ಹಾಕಿ ಮುಚ್ಚಬೇಕು, ತೆರೆದಿಟ್ಟರೆ ಟೊರಿಮಿಡ್‌ಗಳು ಹಿಂದಿನಿಂದ ಸುತ್ತಿ ಬರುತ್ತವೆ. ಬಾಯಿ ತುಸು ಕೆಳಕ್ಕೆ ವಾಲಿರಲಿ, ಪೂರ್ವ ಅಥವಾ ಆಗ್ನೇಯಕ್ಕೆ ಮುಖ, ಇರಚಲು ತಾಕದಷ್ಟು ಮಾಡಿನ ಒಳಗೆ. ನೇತುಹಾಕುವ ತಂತಿಗೆ ಒಂದಿಂಚು ಗ್ರೀಸ್ ಹಚ್ಚಿದರೆ ಇರುವೆ ಬರುವುದಿಲ್ಲ. ಬಿರುಕುಬಿಟ್ಟ ತುಂಡು, ಒಳಗೆ ಸಿಬಿರೆದ್ದ ತುಂಡು ಬೇಡವೇ ಬೇಡ. ಒಂದು ಪೀಳಿಗೆ ಹೊರಬಂದ ಮೇಲೆ ತುಂಡು ಬದಲಿಸಿ. ಮರಗಸಿಯ (ನೆರಳು ಮರಗಳ ಕೊಂಬೆ ಸವರುವ) ಹೊತ್ತಿಗೆ ಕಡ್ಡಿ ಕಡಿದು ಒಣಗಿಸಿಟ್ಟರೆ ಹೂಮಳೆಗೆ ಮುಂಚೆ ಹೊಸ ಕಟ್ಟು ಸಿದ್ಧವಿರುತ್ತದೆ.

ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅರೇಬಿಕಾದಂತೆ ತನ್ನಲ್ಲೇ ಕಾಯಿ ಕಟ್ಟುವುದಿಲ್ಲ, ನಿಜ. ಆದರೆ ಹೂ ಅರಳಿ ನಿಲ್ಲುವುದು ಕೆಲವೇ ದಿನ. ಅಷ್ಟಕ್ಕೇ ಮೆಗಾಕೈಲಿ ನೆಚ್ಚಿಕೊಳ್ಳಬೇಡಿ, ಕೆಲಸ ಮಾಡುವುದು ಗಾಳಿ, ತುಡುವೆ, ಹೆಜ್ಜೇನು. ವರ್ಷವಿಡೀ ಬೇಲಿಯಲ್ಲಿ ಹೂವಿದ್ದರಷ್ಟೇ ಒಂಟಿ ಜೇನು ನಿಮ್ಮಲ್ಲಿ ಉಳಿಯುವುದು.


ಹಳೇ ಹೆಂಚು:

ಎಲ್ಲರೂ ಕೊಳವೆ ನೋಡುತ್ತಿದ್ದೀರಿ, ಸೂರು ನೋಡಿಲ್ಲ. ಮೆಲಿಟೋಬಿಯಾ ಆಕಾಶದಿಂದ ಉದುರಿದ್ದಲ್ಲ. ಮಲೆನಾಡಿನ ಹೆಂಚಿನ ಮನೆಯಲ್ಲಿ ಅದರ ಖಾಯಂ ಠಾವು ಕುಂಬಾರ ಹುಳದ ಮಣ್ಣಿನ ಗೂಡು. ಸ್ಕೆಲಿಫ್ರಾನ್ ಕಟ್ಟಿದ ಮುಷ್ಟಿ ಗಾತ್ರದ ಗೂಡಿನಲ್ಲಿ ಹಲವು ಕೋಣೆ, ಒಂದೊಂದರಲ್ಲೂ ಕೊಬ್ಬಿದ ಮರಿ. ಅಂಥ ಒಂದೇ ಮರಿಯಿಂದ ಕೆಲವು ನೂರು ಮೆಲಿಟೋಬಿಯಾ ಏಳಬಹುದು. ಕಟ್ಟಿನಿಂದ ಕೆಲವು ಅಡಿ ಒಳಗೆ, ರೀಪು-ಪಕಾಸಿನ ಸಂದಿ, ಮೀಟರ್ ಬೋರ್ಡಿನ ಹಿಂದೆ, ಕಿಟಕಿ ದಾರಂದದ ಮೂಲೆ ಎಲ್ಲ ಹುಡುಕಿ.

ಹಾಗೆಂದು ಪೊರಕೆ ಹಿಡಿದು ಎಲ್ಲವನ್ನೂ ಕೆಡವುವುದು ದಡ್ಡತನ. ಹಳೆ ಮಣ್ಣಿನ ಗೂಡಿನ ಖಾಲಿ ಕೋಣೆಗಳಿಗೆ ಕ್ಯಾಲಿಬಿಯಾನ್, ಟ್ರೈಪಾಕ್ಸಿಲಾನ್, ಮೆಗಾಕೈಲಿ ಎಲ್ಲ ಬಾಡಿಗೆಗೆ ಬರುತ್ತವೆ. ಟಾರ್ಚ್ ಹಿಡಿದು ಮುಚ್ಚಿದ ಕೋಣೆಗಳ ಮೈ ನೋಡಿ, ಸೂಜಿ ತೂತು ಇರುವ ಗೂಡನ್ನು ಮಾತ್ರ ಅಗಲ ಚಾಕುವಿನಿಂದ ಬುಡದಲ್ಲಿ ಎಬ್ಬಿಸಿ ನೇರ ಪೌಚಿಗೆ ಇಳಿಸಿ. ಕೆಳಗೆ ಪೌಚಿನ ಬಾಯಿ ಹಿಡಿಯದೆ ಕಿತ್ತರೆ ಮಣ್ಣು ಒಡೆದು, ಒಳಗಿರುವುದೆಲ್ಲ ನೆಲದ ಮೇಲೆ ಹರಡುತ್ತದೆ.

ಇನ್ನೊಂದು ಭಿನ್ನಾಭಿಪ್ರಾಯ ಹೇಳಿಬಿಡುತ್ತೇನೆ. ಸ್ಟಿಲ್ಬಮ್, ಲ್ಯೂಕೋಸ್ಪಿಸ್, ಗ್ಯಾಸ್ಟರಪ್ಶನ್ ಕಂಡರೆ ಮುಟ್ಟಬೇಡಿ. ಒಂದು ಕೋಣೆಗೆ ಒಂದೇ ಹುಳ, ಗೂಡು ಪೂರ್ತಿ ಹಾಳಾಗುವುದಿಲ್ಲ. ಅವೂ ಈ ಜಾಗದ ಹಳೇ ನಿವಾಸಿಗಳೇ. ಮೆಲಿಟೋಬಿಯಾ ವಿಪರೀತವಾಗುವುದು ನಾವು 60 ಗೂಡನ್ನು ಒಂದೇ ಕಡೆ ಪೇರಿಸಿದಾಗ. ಕಾಡಿನಲ್ಲಿ ಒಂದು ಒಣ ಕೊಂಬೆಯಲ್ಲಿ ಒಂದು ಗೂಡಿರುವಾಗ ಪಕ್ಕದ ಗೂಡಿಗೆ ನಡೆದುಹೋಗುವ ಸೌಕರ್ಯ ಅದಕ್ಕಿಲ್ಲ.


ಕುಡಿಮೀಸೆ:

ಅಂತರದ ಮಾತು ಸರಿ. ಆದರೆ ಟೊರಿಮಿಡ್ ವಿಷಯದಲ್ಲಿ ಇಷ್ಟು ಉದಾರತೆ ಬೇಡ ಅಣ್ಣ. ತೆಳು ಗೋಡೆಯ ಕಟ್ಟಿನಲ್ಲಿ ಅದು ಮೆಲಿಟೋಬಿಯಾಕ್ಕಿಂತ ಕಡಿಮೆ ನಷ್ಟ ಮಾಡುವುದಿಲ್ಲ, ಗದ್ದಲವಿಲ್ಲದೆ ಮಾಡುತ್ತದೆ, ಅಷ್ಟೇ. ಗೋಣಿಬೀಡಿನವರು ಎಲೆ ಮುಚ್ಚಳದ ತುಂಡುಗಳನ್ನು ಇವತ್ತೇ ಪೌಚಿಗೆ ಹಾಕಬೇಕು, ಹೊರಗೆ ಕೂತ ಹಸಿರು ಹೆಣ್ಣು ಒಂದೊಂದೇ ಕೋಣೆಗೆ ಚುಚ್ಚುತ್ತ ಹೋಗುತ್ತದೆ.

ಜಾತಿ ಮಟ್ಟದ ಹೆಸರು ಫೋಟೋದಿಂದ ಸಿಗುವುದಿಲ್ಲ. ಮೆಲಿಟೋಬಿಯಾ ಜಾತಿಗಳನ್ನು ಬೇರೆಮಾಡುವುದು ಮುಖ್ಯವಾಗಿ ಗಂಡಿನ ಕುಡಿಮೀಸೆಯಿಂದ, ಅದಕ್ಕೆ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಹಾಗಾಗಿ ಕಂದು ಗಂಡುಗಳನ್ನು ಎಸೆಯಬೇಡಿ, ಕೈಗೆ ಸಿಕ್ಕ ನಾಲ್ಕೂ ಬೆಲೆಯುಳ್ಳವು. ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಾದರೆ "ಮೆಲಿಟೋಬಿಯಾ" ಎಂದು ನಿಲ್ಲಿಸಿ, ಆತಿಥೇಯ (ಅದು ತಿಂದು ಬೆಳೆದ ಹುಳ) ಟ್ರೈಪಾಕ್ಸಿಲಾನ್ ಎಂದು ಟಿಪ್ಪಣಿ ಬರೆಯಿರಿ, ಗೂಡಿನ ಫೋಟೋವನ್ನೂ ಸೇರಿಸಿ.

ಇದೊಂದು ಪಕ್ಕದ ಮಾತು. ಹೆಣ್ಣು ಇಷ್ಟು, ಗಂಡು ಇಷ್ಟೇ ಏಕೆ ಎಂಬ ಲೆಕ್ಕವನ್ನು 1967ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಬಿಡಿಸಿದಾಗ ಉದಾಹರಣೆಗಳ ಪಟ್ಟಿಯಲ್ಲಿ ಮೆಲಿಟೋಬಿಯಾವೂ ಇತ್ತು. ಅಣ್ಣತಮ್ಮಂದಿರೇ ಅಕ್ಕತಂಗಿಯರಿಗಾಗಿ ಕಾದಾಡುವ ಕಡೆ ತಾಯಿಗೆ ಹೆಚ್ಚು ಗಂಡು ಹೆತ್ತು ಲಾಭವಿಲ್ಲ ಎಂಬುದು ಅದರ ತಿರುಳು.


ಗೋಣಿಬೀಡು ತೋಟ:

ಮೀಟರ್ ಬೋರ್ಡಿನ ಹಿಂದೆಯೇ ಒಂದು ಗೂಡಿದೆ, ಎರಡು ಕೋಣೆಯಲ್ಲಿ ಸೂಜಿ ತೂತು. ಹಳೇ ಹೆಂಚು ಅವರಿಗೆ ಧನ್ಯವಾದ. ಮಾದರಿ ಇಡಲು ಮನೆಯಲ್ಲಿರುವ ಸ್ಯಾನಿಟೈಸರ್ ಆಗುತ್ತದಾ? ಎಲ್ಲಿಗೆ ಕಳಿಸಬಹುದು?


ಹೇಮಾವತಿ ದಂಡೆ:

ಮೀಟರ್ ಬೋರ್ಡಿನ ಹಿಂದೆ ಕೈಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

ಸ್ಯಾನಿಟೈಸರ್ ಜೆಲ್ ಬೇಡ, ಒಣಗಿ ಅಂಟಾಗಿ ಕಾಲು, ಕುಡಿಮೀಸೆ ಎಲ್ಲ ಮುದ್ದೆಯಾಗುತ್ತವೆ. ಮೆಡಿಕಲ್ ಅಂಗಡಿಯ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ನೋಡಿ ಗುರುತಿಸುವುದಕ್ಕೆ ಸಾಕು. ಡಿಎನ್ಎ ಪರೀಕ್ಷೆಗೆ ಹೋಗುವುದಿದ್ದರೆ 95ಕ್ಕಿಂತ ಹೆಚ್ಚಿನ ಎಥನಾಲ್ ಬೇಕು, ಬಾಟಲಿ ಫ್ರೀಜರ್‌ನಲ್ಲಿರಬೇಕು. ಈ ಅಳತೆಯ ಕ್ಯಾಲ್ಸಿಡ್‌ಗಳನ್ನು ಹಾಗೇ ಗಾಳಿಗೆ ಒಣಗಿಸಿದರೆ ತಲೆ, ಹೊಟ್ಟೆ ಕುಗ್ಗಿ ಗುರುತು ಕೆಡುತ್ತದೆ, ಪಿನ್ನು-ಗೋಂದಿನ ಕೆಲಸಕ್ಕೆ ಹೋಗಬೇಡಿ. ಇಕ್ಕಳ ಬೇಡ, ಆಲ್ಕೋಹಾಲಿನಲ್ಲಿ ಅದ್ದಿದ ಸಣ್ಣ ಚಿತ್ರದ ಕುಂಚದ ತುದಿಯಿಂದ ಎತ್ತಿ.

ಸಣ್ಣ ಗಾಜಿನ ಬಾಟಲಿಯಲ್ಲಿ 20 ಹೆಣ್ಣು, ಸಿಕ್ಕಷ್ಟು ಗಂಡು. ಟ್ರೈಪಾಕ್ಸಿಲಾನ್‌ನ ಗೂಡು, ಜೇಡದ ಕಾಲು ಬೇರೆ ಒಣ ಬಾಟಲಿಯಲ್ಲಿ, ಎರಡಕ್ಕೂ ಒಂದೇ ಸಂಖ್ಯೆ ಹಾಕಿ. ಕುಂಬಾರ ಹುಳದ ಗೂಡಿನಿಂದ ಸಿಕ್ಕವು ಇದರ ಜತೆ ಬೆರೆಯಬಾರದು, ಅದು ಇನ್ನೊಂದು ಸಂಖ್ಯೆ. ಚೀಟಿ ಬಾಟಲಿಯ ಒಳಗೇ ಇರಲಿ, ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಊರು, ತಾಲ್ಲೂಕು, ಸಮುದ್ರಮಟ್ಟದಿಂದ ಎತ್ತರ, ತುಂಡು ತೆಗೆದ ತಾರೀಖು, ಹುಳ ಹೊರಬಂದ ತಾರೀಖು, ಆತಿಥೇಯ, ನಿಮ್ಮ ಹೆಸರು. ಎರಡು ತಾರೀಖೂ ಬೇರೆ ಬೇರೆ ಬರೆಯಬೇಕು, ಬಹಳ ಮಂದಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಕಳಿಸಲು ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಪರಾವಲಂಬಿ ಕಣಜಗಳ ತಜ್ಞರಿರುವ ಜಾಗ. ಮೊದಲು ಫೋಟೋ ಸಮೇತ ಇಮೇಲ್ ಬರೆದು, ಅವರು ಕೇಳಿದರೆ ಮಾತ್ರ ಕಳಿಸಿ. ಆಲ್ಕೋಹಾಲ್ ತುಂಬಿದ ಬಾಟಲಿಯನ್ನು ಅಂಚೆ-ಕೊರಿಯರ್‌ನವರು ಒಪ್ಪುವುದಿಲ್ಲ. ಕಳಿಸುವ ದಿನ ಆಲ್ಕೋಹಾಲ್ ಬಗ್ಗಿಸಿ, ಅದರಲ್ಲೇ ಒದ್ದೆಯಾದ ಟಿಶ್ಯೂ ಚೂರನ್ನು ಒಳಗೆ ಹಗುರಾಗಿ ಇಟ್ಟು ಮುಚ್ಚಳಕ್ಕೆ ಟೇಪ್ ಸುತ್ತಿ. ಅರ್ಧದಷ್ಟು ಮಾದರಿ ನಿಮ್ಮಲ್ಲೇ ಇಟ್ಟುಕೊಳ್ಳಿ.